ಊರು ಮತ್ತು ಕೇರಿ

ಮಲೆ ಮಹದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯವರು ಮಾದರ ಹರಳಯ್ಯನನ್ನು ಮರೆಯುವುದಿಲ್ಲ. ಕ್ರೂರಿಯಾದ ಶ್ರವಣ ದೊರೆಯ ಸಂಹಾರದಲ್ಲಿ ಮಾದಪ್ಪನಿಗೆ ನೆರವಾದುದು ಹರಳಯ್ಯನು ಮಾಡಿದ ಪಾದರಕ್ಷೆ. ಹಾಡಿನಲ್ಲಿ ಅವನಿಗೆ ಸಂದ ಈ ಗೌರವವು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಅವನ ಕುಲದವರಿಗೆ ಸಲ್ಲಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮನೆಗಳಿದ್ದುದು ಊರ ಅಂಚಿನ ಕೇರಿಯಲ್ಲಿ. ಊರ ಬಾವಿಗೆ ಅವರು ಹಗ್ಗ ಇಳಿಸುವಂತಿರಲಿಲ್ಲ. ಯಾರಾದರೂ ಮೇಲಿನಿಂದ ನೀರು ಹೊಯ್ಯುವವರೆಗೆ ಬರಿಗೊಡದೊಡನೆ ಕಾಯಬೇಕಾಗಿತ್ತು. ಹೋಟೆಲಿನಲ್ಲಿ ಅವರಿಗೆ ಬೇರೆಯ ಲೋಟ. ಕುಡಿದವರೇ ಅದನ್ನು ತೊಳೆದಿಡಬೇಕು. ದೇವಾಲಯದ ಹೊಸ್ತಿಲಂತೂ ದೂರದ ಮಾತು.

ಮನುಷ್ಯರನ್ನು ಹೀಗೆ ದೂರವಿಡುವುದು ನಮ್ಮ ದೇಶದಲ್ಲಿ ಮಾತ್ರ ನಡೆದುದಲ್ಲ. ಅಮೆರಿಕದ ಅನೇಕ ಸಣ್ಣ ಪಟ್ಟಣಗಳಲ್ಲಿ ಸೂರ್ಯ ಮುಳುಗಿದ ಬಳಿಕ ಕಪ್ಪು ಜನರು ಇರಕೂಡದೆಂಬ ಕಟ್ಟಳೆಯಿತ್ತು. ಕೆಲವೆಡೆ ಊರ ಬಾಗಿಲಲ್ಲೇ ಎಚ್ಚರಿಕೆಯ ಹಲಗೆ ನಿಂತಿರುತ್ತಿತ್ತು. ಹಲಗೆಯಿಲ್ಲದ ಕಡೆ ಬೆದರಿಕೆಯೇ ಸಾಕಾಗುತ್ತಿತ್ತು. ಪ್ರಯಾಣ ಹೊರಟ ಕಪ್ಪು ಜನರಿಗೆ ಎಲ್ಲಿ ಊಟ, ಎಲ್ಲಿ ವಸತಿ ಸಿಕ್ಕೀತೆಂದು ತಿಳಿಸಲು ವಿಕ್ಟರ್ ಗ್ರೀನ್ ಎಂಬಾತ 1936ರಿಂದ ಕೈಪಿಡಿಯೊಂದನ್ನು ಪ್ರಕಟಿಸಬೇಕಾಯಿತು. ಇಂಥ ಊರುಗಳು ಗುಲಾಮಗಿರಿ ಬೇರೂರಿದ್ದ ದಕ್ಷಿಣಕ್ಕಿಂತ ಉತ್ತರದ ರಾಜ್ಯಗಳಲ್ಲಿಯೇ ಹೆಚ್ಚಾಗಿದ್ದುವೆಂದು ಇತಿಹಾಸಕಾರ ಜೇಮ್ಸ್ ಲೋವೆನ್ 2005ರಲ್ಲಿ ತೋರಿಸಿಕೊಟ್ಟರು.

ಆದರೆ ಒಂದು ಭೇದವುಂಟು. ಅಮೆರಿಕದ ಆ ಪಟ್ಟಣಗಳು ಬೇಡದವರನ್ನು ಹೊರಗಟ್ಟಿದುವು. ನಮ್ಮ ಊರುಗಳಿಗೆ ಹಾಗೆ ಮಾಡುವ ಧೈರ್ಯವಿರಲಿಲ್ಲ. ಗದ್ದೆಯ ಕಳೆ ಕೀಳಲು, ಸತ್ತ ದನ ಸಾಗಿಸಲು, ಹಬ್ಬಕ್ಕೆ ತಮಟೆ ಬಾರಿಸಲು ಕೇರಿ ಬೇಕೇ ಬೇಕು. ಆದ್ದರಿಂದ ದುಡಿಮೆಯನ್ನು ಒಳಗೆ ಕರೆದು, ದುಡಿದವರನ್ನು ಅಂಚಿನಲ್ಲಿ ನಿಲ್ಲಿಸಿದರು.

ಕಾನೂನು ಬಾರದೆ ಇರಲಿಲ್ಲ. ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು; ಅಲ್ಲಿ 1947ರಲ್ಲೇ ದೇವಾಲಯ ಪ್ರವೇಶದ ಶಾಸನವಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಅಧಿನಿಯಮ ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಬಾವಿ ಹೋಗಿ ನಲ್ಲಿ ಬಂದರೂ ಹಳೆಯ ಭಯ ನೀರಿನೊಡನೆಯೇ ಹರಿದು ಬಂದಿತು.

2022ರ ನವೆಂಬರಿನಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರಕ್ಕೆ ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಬಾಯಾರಿ ಬೀದಿಯ ತೊಂಬೆಯ ನಲ್ಲಿಯಿಂದ ನೀರು ಕುಡಿದರು. ಅವರು ಹೋದ ಮೇಲೆ ತೊಂಬೆಯ ನೀರನ್ನೆಲ್ಲ ಹೊರಚೆಲ್ಲಿ, ಗಂಜಲ ಹಾಕಿ ತೊಳೆಯಲಾಯಿತು. ಸುದ್ದಿ ತಿಳಿದು ಅಧಿಕಾರಿಗಳು ಬಂದರು, ಪ್ರಕರಣ ದಾಖಲಾಯಿತು. ಅಧಿಕಾರಿಗಳ ಸಮಕ್ಷಮದಲ್ಲಿ ದಲಿತರು ಬೀದಿಬೀದಿಗೆ ನಡೆದು, ಊರಿನ ಒಂದೊಂದು ನಲ್ಲಿಗೂ ಬೊಗಸೆಯೊಡ್ಡಿ ನೀರು ಕುಡಿದರು.