ಹೊಳೆಗಿಳಿಯುವ ಮುನ್ನ ಕಡವು ಹುಡುಕಿ

ಹಲಗೆಯ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ನೀರಿನಲ್ಲಿ ಸಾಗುವ ‘ಪ್ಯಾಡಲ್ ಬೋರ್ಡಿಂಗ್’ ನಮ್ಮ ಕರಾವಳಿಗೂ ಬಂದಿದೆ. 2024ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಗಾಳಿ ತುಂಬಿಸುವ ಹಲಗೆಯನ್ನು ಮಡಚಿ ಕಾರಿನಲ್ಲಿ ಇಟ್ಟುಕೊಂಡು ಬರುವ ತರುಣರು ಈಗ ನನ್ನಂಥ ಊರಿನ ಹಿರಿಯರನ್ನು ಕೇಳುವ ಪ್ರಶ್ನೆ ಒಂದೇ: ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತ ಹಲಗೆ ಇಳಿಸಲು ಒಳ್ಳೆಯ ಜಾಗ ಯಾವುದು?

ಅವರು ಜಾಗ ಆರಿಸುವುದು ಸಾಮಾನ್ಯವಾಗಿ ಚಿತ್ರ ನೋಡಿ. ಹೊಳೆ ಕಡಲನ್ನು ಸೇರುವ ಅಳಿವೆಯಷ್ಟು ಸುಂದರವಾದ ನೋಟ ಬೇರೊಂದಿಲ್ಲ. ಹಲಗೆಯವನಿಗೆ ಅಷ್ಟು ಅಪಾಯದ ಸ್ಥಳವೂ ಬೇರೊಂದಿಲ್ಲ. ಆದ್ದರಿಂದ ನಾನು ಅವರಿಗೆ ಹೇಳುವ ಮಾತು ಇಷ್ಟೇ: ಹಳೆಯ ಕಡವು ಎಲ್ಲಿತ್ತೆಂದು ಹುಡುಕಿ.

ಸೇತುವೆಗಳು ಬರುವ ಮೊದಲು ನಮ್ಮ ಜನ ಹೊಳೆ ದಾಟುತ್ತಿದ್ದುದು ಕಡವಿನ ದೋಣಿಯಲ್ಲಿ. ದಡ ಗಟ್ಟಿಯಾಗಿರಬೇಕು, ಸೆಳೆತ ಕಡಿಮೆ ಇರಬೇಕು, ಇಳಿತದ ಹೊತ್ತಿನಲ್ಲೂ ದೋಣಿ ತೇಲುವಷ್ಟು ನೀರಿರಬೇಕು, ಊರಿನಿಂದ ದಾರಿಯಿರಬೇಕು. ತಲೆಮಾರುಗಳು ಪರೀಕ್ಷಿಸಿ ಆರಿಸಿದ ಸ್ಥಳ ಅದು. ಮೂರು ಮೀಟರಿನಷ್ಟು ಉದ್ದದ ಹಲಗೆಗೆ ಬೇಕಾದುದೂ ಹೆಚ್ಚು ಕಡಿಮೆ ಇವೇ ಗುಣಗಳು.

ಕುಂದಾಪುರದ ಪಂಚಗಂಗಾವಳಿಯನ್ನೇ ನೋಡಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಗಂಗೊಳ್ಳಿಯ ಬಳಿ ಕಡಲನ್ನು ಸೇರುತ್ತವೆ. ಕುಂದಾಪುರಕ್ಕೆ ಗಂಗೊಳ್ಳಿ ಕಣ್ಣಳತೆಯಲ್ಲೇ ಇದೆ. ಆದರೆ ರಸ್ತೆಯಲ್ಲಿ ತ್ರಾಸಿಯನ್ನು ಬಳಸಿಯೇ ಹೋಗಬೇಕು. ಗಂಗೊಳ್ಳಿ ಮೀನುಗಾರಿಕಾ ಬಂದರು. ಯಾಂತ್ರಿಕ ದೋಣಿಗಳು ಓಡಾಡುವ ಅಳಿವೆಯ ಕಾಲುವೆ ಹವ್ಯಾಸಿಯ ಜಾಗವಲ್ಲ. ಅಲ್ಲಿಂದ ಒಳಕ್ಕೆ, ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರುವಿನಂಥ ಕುದ್ರುಗಳ ಮರೆಯ ನೀರು ಮೇಲು.

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ಪ್ರವಾಸಿಗರ ಕಣ್ಣು ಕಡಲಿನ ಮೇಲೆ. ಹಲಗೆಗೆ ಯೋಗ್ಯವಾದುದು ಹೊಳೆ. ಬ್ರಹ್ಮಾವರ ತಾಲ್ಲೂಕಿನಲ್ಲಿ ಸಾಲಿಗ್ರಾಮದ ಪಾರಂಪಳ್ಳಿಯ ಬಳಿ ಸೀತಾ ನದಿಯ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಕಯಾಕ್ ವಿಹಾರ ರೂಢಿಗೆ ಬಂದಿದೆ. ಮೊದಲ ಬಾರಿ ಹುಟ್ಟು ಹಿಡಿಯುವವರು ಮಾರ್ಗದರ್ಶಕರೊಡನೆ ಇಂಥಲ್ಲಿ ಕಲಿಯುವುದು ಲೇಸು. ಸೀತಾ, ಸುವರ್ಣಾ ನದಿಗಳು ಕಡಲಿಗೆ ಸೇರುವ ಕೋಡಿಬೆಂಗ್ರೆಯ ತುದಿಯನ್ನು ದಡದಿಂದ ನೋಡಿದರೆ ಸಾಕು. ಬೈಂದೂರಿನ ಸೋಮೇಶ್ವರಕ್ಕೂ ಇದೇ ಮಾತು ಸಲ್ಲುತ್ತದೆ. ಅಳಿವೆಯ ನೋಟಕ್ಕೆ ಒತ್ತಿನೆಣೆಯ ಗುಡ್ಡವಿದೆ. ಹಲಗೆಗೆ ಅಳಿವೆಯಿಂದ ದೂರದ ಒಳನೀರೇ ಸರಿ.

ಜಾಗ ಸರಿಯಿದ್ದರಷ್ಟೇ ಸಾಲದು, ಹೊತ್ತೂ ಸರಿಯಿರಬೇಕು. ಭರತ ಮತ್ತು ಇಳಿತಗಳ ನಡುವೆ ಸುಮಾರು 6 ಗಂಟೆ. ದಿನದಿಂದ ದಿನಕ್ಕೆ ಅವು ಸುಮಾರು 50 ನಿಮಿಷ ತಡವಾಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಬಿರುಸು. ಅಷ್ಟಮಿಯ ಆಚೀಚೆ ಸೌಮ್ಯ. ಗೋಡೆಯ ಪಂಚಾಂಗ ಇಲ್ಲಿ ಬಹಳ ಉಪಯುಕ್ತ. ನೀರು ಏರುವಾಗ ಅದರೊಡನೆ ಮೇಲಕ್ಕೆ ಹೋಗಿ, ಇಳಿತ ಬಲಗೊಳ್ಳುವ ಮುನ್ನ ಕಡವಿಗೆ ಮರಳುವುದು ಕ್ಷೇಮ. ಚಳಿಗಾಲದ ಮುಂಜಾನೆ ನೀರು ಶಾಂತವಾಗಿರುತ್ತದೆ. ಆದರೆ ನೆಲದ ಗಾಳಿ ಹಲಗೆಯನ್ನು ಕಡಲತ್ತ ನೂಕಬಲ್ಲದು. ಮಧ್ಯಾಹ್ನ ಕಡಲ ಗಾಳಿ ಎದುರಾಗುತ್ತದೆ. ಮಳೆಗಾಲದಲ್ಲಿ ಹೊಳೆಗೆ ಇಳಿಯಲೇಬಾರದು. ಜೀವರಕ್ಷಕ ಜಾಕೆಟ್ ಕಡ್ಡಾಯ. ಹರಿವ ನೀರಿನಲ್ಲಿ ಹಲಗೆಯ ಹಗ್ಗವನ್ನು ಪಾದಕ್ಕೆ ಕಟ್ಟಿಕೊಂಡರೆ ಅದು ಬೇರಿಗೋ ಬಲೆಗೋ ಸಿಕ್ಕಿ ಪ್ರಾಣಕ್ಕೆ ಎರವಾದೀತು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಸೊಂಟಪಟ್ಟಿ ಸುರಕ್ಷಿತ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು. ಬಳಿಕ ಆಡಳಿತದಲ್ಲಿ ಗ್ರಾಮ ನಕ್ಷೆಗಳ ನಡುವೆ ವರ್ಷಗಳನ್ನು ಕಳೆದವನು. ಸೇತುವೆ ಬಂದೊಡನೆ ಕಡವಿಗೆ ದಿಕ್ಕಿಲ್ಲದಂತಾಗುತ್ತದೆ. ಬಳಕೆ ತಪ್ಪಿದ ದಾರಿಗೆ ಮೊದಲು ಬೇಲಿ ಬರುತ್ತದೆ, ಆಮೇಲೆ ಆವರಣಗೋಡೆ. ಎಲ್ಲರಿಗೂ ಸೇರಿದ ಸ್ವತ್ತಿಗಾಗಿ ಒಬ್ಬೊಬ್ಬರೇ ಖರ್ಚು ಮಾಡುವುದಿಲ್ಲ. ಹಾಗಾಗಿ ಅದನ್ನು ಉಳಿಸುವ ಹೊಣೆ ಪಂಚಾಯಿತಿಯದು. ನಕ್ಷೆಯಲ್ಲಿ ಹೊಳೆಯವರೆಗೆ ಹೋಗುವ ಕಾಲುದಾರಿಗಳನ್ನು ಗುರುತಿಸಿ, ಕಡವುಗಳನ್ನು ಸಾರ್ವಜನಿಕ ಸ್ಥಳಗಳೆಂದು ದಾಖಲಿಸಿ, ಭರತ-ಇಳಿತದ ಹೊತ್ತನ್ನೂ ದಾಟಬಾರದ ಗಡಿಯನ್ನೂ ತಿಳಿಸುವ ಫಲಕ ಹಾಕುವುದು ದೊಡ್ಡ ವೆಚ್ಚದ ಕೆಲಸವಲ್ಲ. ಹೊಳೆಯ ಮರ್ಮ ಬಲ್ಲ ದೋಣಿಯವರಿಗೆ ಮಾರ್ಗದರ್ಶಕರ ಕೆಲಸ ಕೊಟ್ಟರೆ ಅವರ ಜ್ಞಾನಕ್ಕೆ ಬೆಲೆಯೂ ಬರುತ್ತದೆ.

ಹಲಗೆಯವರೂ ಒಂದು ಮಾತು ನೆನಪಿಡಬೇಕು. ಬಲೆ ಬೀಸುವವರಿಗೆ, ಚಿಪ್ಪು ಹೆಕ್ಕುವ ಹೆಂಗಸರಿಗೆ ಈ ಹೊಳೆ ಅನ್ನದ ದಾರಿ. ಬಲೆ ಕಂಡಲ್ಲಿ ಸುತ್ತು ಹಾಕಿ ಹೋಗಿ. ನೀರಿಗಿಳಿಯುವ ಮೊದಲು ದಡದಲ್ಲಿರುವವರನ್ನು ಮಾತನಾಡಿಸಿ. ‘ಇವತ್ತು ಬೇಡ’ ಎಂದು ಅವರು ಹೇಳಿದರೆ, ಹಲಗೆಯ ಗಾಳಿ ಬಿಟ್ಟು ಹಿಂದಿರುಗಿ.