ಗರಗಸದ ತಿರುಪಿಗೆ ಟೋಪಿ ಏಕೆ?

ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಎರಡು ವರುಷಕ್ಕೊಮ್ಮೆ ಪರ್ಯಾಯ ನಡೆಯುವುದಷ್ಟೆ. ಅದಕ್ಕೆ ಮುನ್ನ ಕಟ್ಟಿಗೆ ಮುಹೂರ್ತವೆಂಬ ಕಟ್ಟಳೆಯೊಂದುಂಟು. ಮಧ್ವ ಸರೋವರದ ಬಳಿ ಸೌದೆಯನ್ನು ರಥದ ಆಕಾರಕ್ಕೆ ಒಟ್ಟಿದುದನ್ನು ಕಂಡವರು, ಅಷ್ಟು ಕಟ್ಟಿಗೆಯನ್ನು ಕಡಿದ ಕೈಗಳನ್ನೂ ಒಮ್ಮೆ ನೆನೆಯದಿರಲಾರರು. ಹಿಂದೆ ಈ ಸೀಮೆಯಲ್ಲಿ ಮರ ಕಡಿಯುವುದೆಂದರೆ ಕೊಡಲಿಯ ಪೆಟ್ಟು, ಇಲ್ಲವೆ ಇಬ್ಬರು ಎದುರುಬದುರು ನಿಂತು ಎಳೆಯುವ ಗರಗಸದ ಉಸಿರು. ಈಗ ಕಾರ್ಕಳದ ರಬ್ಬರು ತೋಟಗಳಿಂದ ಹಿಡಿದು ಕಾಪುವಿನ ಕಡಲದಂಡೆಯ ಗಾಳಿಮರಗಳವರೆಗೆ ಎಲ್ಲಿ ಹೋದರೂ ಕಿವಿಗೆ ಬಡಿಯುವುದು ಸರಪಳಿ ಗರಗಸದ ಗರ್ಜನೆಯೇ. ಆಷಾಢದ ಗಾಳಿಗೆ ರಸ್ತೆಯ ಮೇಲೆ ಉರುಳಿದ ಹಲಸಿನ ಮರವನ್ನು ಅರ್ಧ ಗಂಟೆಯಲ್ಲಿ ತುಂಡರಿಸಿ ದಾರಿ ಬಿಡಿಸಿಕೊಡುವುದು ಇದೇ ಯಂತ್ರ.

ಈಚೆಗೆ ಕಾರ್ಕಳದ ಒಂದು ದುರಸ್ತಿ ಅಂಗಡಿಯಲ್ಲಿ ನಾವು ಕುಳಿತಿದ್ದಾಗ ಮರ ಕೊಯ್ಯುವವರೊಬ್ಬರು ಹೊಸ ಗರಗಸವನ್ನು ಹೊತ್ತು ತಂದರು. “ಇದಕ್ಕೆ ಉಸಿರು ಕಟ್ಟುತ್ತದೆ ಮಾರಾಯ್ರೆ. ಹಳೆಯದರ ಹಾಗೆ ಎಳೆಯುವುದಿಲ್ಲ. ಸೈಲೆನ್ಸರಿನ ಬಾಯಿ ಸ್ವಲ್ಪ ದೊಡ್ಡದು ಮಾಡಿ ಕೊಡಿ, ಆ ತಿರುಪಿನ ಟೋಪಿಯನ್ನೂ ತೆಗೆದುಬಿಡಿ” ಎಂದರು. ಅಂಗಡಿಯವರು ಗರಗಸವನ್ನು ತಿರುಗಿಸಿ ನೋಡಿ, “ಅದೊಂದು ಮಾಡಲಿಕ್ಕೆ ಹೇಳಬೇಡಿ” ಎಂದರು. ಬಂದವರಿಗೆ ಅಸಮಾಧಾನವಾಯಿತು. ದುಡ್ಡು ಕೊಟ್ಟು ಕೊಂಡ ಯಂತ್ರ ತಮ್ಮದು. ಅದರ ತಿರುಪನ್ನು ತಿರುಗಿಸಬಾರದೆಂದರೆ ಏನರ್ಥ? ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳಬೇಕಾದರೆ ಎಂಜಿನಿನ ಹೊಟ್ಟೆಯೊಳಕ್ಕೆ ಇಳಿಯಬೇಕು.

ಸರಪಳಿ ಗರಗಸ ಹುಟ್ಟಿದುದು ಕಾಡಿನಲ್ಲಲ್ಲವೆಂದರೆ ವಾಚಕರು ಬೆರಗಾದಾರು. 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಜಾನ್ ಏಟ್ಕನ್ ಮತ್ತು ಜೇಮ್ಸ್ ಜೆಫ್ರೆ ಎಂಬವರು, ಮೂಳೆ ಕತ್ತರಿಸಲೆಂದು ಹಲ್ಲಿನ ಸರಪಳಿಯನ್ನು ಬಳಸಿದರು. ಮರಕ್ಕೆ ಅದು ಬಂದುದು ಬಹಳ ತಡವಾಗಿ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮಾಡಿದ ವಿದ್ಯುತ್ ಗರಗಸ 64 ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ಹಿಡಿಯಲು ಇಬ್ಬರು ಬೇಕು. ಇಂದು ಒಬ್ಬನೇ ಒಂದು ಕೈಯಲ್ಲಿ ಎತ್ತಿ ನಡೆಯುವಷ್ಟು ಹಗುರವಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಎರಡು ಹೊಡೆತದ ಎಂಜಿನು. ಅದರಲ್ಲಿ ಕವಾಟಗಳಿಲ್ಲ, ಎಣ್ಣೆಯ ತೊಟ್ಟಿಯಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಮೇಲೆ ಕೆಳಗೆ ಆಡುವ ಪಿಸ್ಟನ್ನೇ ತೆರೆಯುತ್ತದೆ, ಮುಚ್ಚುತ್ತದೆ. ಯಾವ ಮಗ್ಗುಲಿಗೆ ಹೊರಳಿಸಿ ಹಿಡಿದರೂ ಅದು ಓಡುತ್ತದೆ.

ಆದರೆ ಈ ಸರಳತೆಗೆ ತೆರಬೇಕಾದ ಬೆಲೆಯುಂಟು. ಉರಿದ ಹೊಗೆ ಹೊರಗೆ ಹೋಗುವುದೂ ಹೊಸ ಪೆಟ್ರೋಲು ಗಾಳಿಯ ಮಿಶ್ರಣ ಒಳಗೆ ಬರುವುದೂ ಏಕಕಾಲಕ್ಕೆ ನಡೆಯುತ್ತವೆ. ಒಳಬರುವ ಮಿಶ್ರಣವೇ ಹೊಗೆಯನ್ನು ಹೊರಕ್ಕೆ ನೂಕಬೇಕು. ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನಿನಲ್ಲಿ ಒಂದು ಸುತ್ತಿಗೆ ದೊರೆಯುವ ಕಾಲ ಸೆಕೆಂಡಿನ ಸಾವಿರದ ಆರು ಭಾಗ ಮಾತ್ರ. ಆ ಗಡಿಬಿಡಿಯಲ್ಲಿ ಹೊಗೆಯ ಬೆನ್ನ ಹಿಂದೆಯೇ ಒಂದಿಷ್ಟು ಹೊಸ ಮಿಶ್ರಣವೂ ಉರಿಯದೆ ಹೊರಗೆ ನುಸುಳಿಬಿಡುತ್ತದೆ. ಹಳೆಯ ಗರಗಸಗಳಲ್ಲಿ ಹೀಗೆ ವ್ಯರ್ಥವಾಗುತ್ತಿದ್ದ ಪೆಟ್ರೋಲು ಸುಮಾರು ಕಾಲು ಭಾಗಕ್ಕೆ ಕಡಿಮೆಯಿರಲಿಲ್ಲ. ನಾಲ್ಕು ಲೀಟರು ತುಂಬಿಸಿದರೆ ಒಂದು ಲೀಟರು ಹಸಿಹಸಿಯಾಗಿ ಗಾಳಿಗೆ! ಅದನ್ನು ಮೊದಲು ಉಸಿರಾಡುವವನು ಯಂತ್ರ ಹಿಡಿದವನೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಮೆರಿಕವು 1995ರಲ್ಲಿ ಇಂಥ ಸಣ್ಣ ಎಂಜಿನುಗಳ ಹೊಗೆಗೆ ಮಿತಿಯನ್ನು ಗೊತ್ತುಮಾಡಿತು. 2002ರಲ್ಲಿ ಯೂರೋಪು ಅದೇ ದಾರಿ ಹಿಡಿಯಿತು. ತಯಾರಕರು ಕಂಡುಕೊಂಡ ಉಪಾಯ ಚಮತ್ಕಾರವಾದುದು. ಹೊಗೆಯನ್ನು ನೂಕುವ ಕೆಲಸಕ್ಕೆ ಮಿಶ್ರಣವನ್ನೇ ಏಕೆ ಬಳಸಬೇಕು? ಮೊದಲು ಬರಿಯ ಗಾಳಿಯ ಒಂದು ಅಲೆಯನ್ನು ಒಳಬಿಟ್ಟು, ಅದರ ಹಿಂದೆ ಮಿಶ್ರಣವನ್ನು ಬಿಟ್ಟರೆ ಹೊರಗೆ ನುಸುಳುವುದು ಗಾಳಿ ಮಾತ್ರ. ಇದರಿಂದ ಇಂಧನ ಐದನೆಯ ಒಂದು ಪಾಲಿನವರೆಗೆ ಉಳಿಯುತ್ತದೆಂದು ತಯಾರಕರ ಹೇಳಿಕೆ. ಇದರೊಡನೆ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಹರಿವನ್ನು ಹದಗೊಳಿಸುವ ಎರಡು ತಿರುಪುಗಳ ತಲೆಗೆ ಪುಟ್ಟ ಪ್ಲಾಸ್ಟಿಕಿನ ಟೋಪಿಗಳನ್ನು ತೊಡಿಸಿದರು. ಟೋಪಿಯಿರುವ ತನಕ ತಿರುಪು ಒಂದು ಸಣ್ಣ ಮಿತಿಯೊಳಗೆ ಮಾತ್ರ ತಿರುಗೀತು. ನಮ್ಮ ಭಾಷೆಯಲ್ಲಿ ಟೋಪಿ ಹಾಕುವುದಕ್ಕೆ ಬೇರೊಂದು ಅರ್ಥವಿರುವುದರಿಂದಲೋ ಏನೋ, ಇದನ್ನು ಕಂಡವರೆಲ್ಲ ಕಂಪೆನಿಯವರು ತಮಗೆ ಮೋಸ ಮಾಡಿದರೆಂದೇ ಬಗೆಯುತ್ತಾರೆ.

ಈಗ ನಮ್ಮ ಗಿರಾಕಿಯ ಬೇಡಿಕೆಯನ್ನು ಪರೀಕ್ಷಿಸೋಣ. ಸೈಲೆನ್ಸರಿನ ಬಾಯಿಯನ್ನು ಅಗಲಿಸಿದರೆ ಎಂಜಿನಿನ ಮೂಲಕ ಹೆಚ್ಚು ಗಾಳಿ ಹಾಯುತ್ತದೆ. ಗಾಳಿ ಹೆಚ್ಚಿ ಪೆಟ್ರೋಲು ಅಷ್ಟೇ ಇದ್ದರೆ ಮಿಶ್ರಣ ತೆಳುವಾಗುತ್ತದೆ. ಆಗ ಟೋಪಿ ತೆಗೆದು ಪೆಟ್ರೋಲನ್ನೂ ಹೆಚ್ಚಿಸಲೇಬೇಕು. ಒಂದು ಕೈಹಚ್ಚಿದರೆ ಇನ್ನೊಂದು ತಪ್ಪದು. ಹದ ಬಲ್ಲವರು ಹೀಗೆ ಮಾಡಿ ಬಲವನ್ನು ತುಸು ಹೆಚ್ಚಿಸಿಕೊಂಡಾರು, ಅದನ್ನು ಅಲ್ಲಗಳೆಯಲಾಗದು. ಆದರೆ ಹದ ತಪ್ಪಿದರೆ? ಎರಡು ಹೊಡೆತದ ಎಂಜಿನಿಗೆ ಬೇರೆ ಕೀಲೆಣ್ಣೆಯಿಲ್ಲ; ಲೀಟರು ಪೆಟ್ರೋಲಿಗೆ 20 ಮಿಲಿಲೀಟರಿನಂತೆ ಬೆರೆಸಿದ ಎಣ್ಣೆಯೇ ಅದರ ಜೀವ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಅಲ್ಲದೆ ದಟ್ಟ ಮಿಶ್ರಣದಲ್ಲಿ ಮಿಗುವ ಪೆಟ್ರೋಲು ಆವಿಯಾಗುತ್ತ ಪಿಸ್ಟನ್ನನ್ನು ತಂಪಾಗಿಡುತ್ತದೆ. ತೆಳುವಾದಂತೆ ಆ ತಂಪೂ ಹೋಗುತ್ತದೆ. ಕಾವು ಏರಿದ ಅಲ್ಯುಮಿನಿಯಮಿನ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಉಜ್ಜುತ್ತದೆ; ಹೊಗೆ ಹೋಗುವ ಕಿಂಡಿಯ ಕಡೆಗೇ ಮೊದಲು ಗೀರು ಬೀಳುತ್ತದೆ. ವಿಚಿತ್ರವೆಂದರೆ ಹಿಡಿದುಕೊಳ್ಳುವ ಮುನ್ನ ಗರಗಸ ಹಿಂದೆಂದಿಗಿಂತ ಚುರುಕಾಗಿ ಓಡುತ್ತದೆ! ಮರ ಕೊಯ್ಯುವವನು ಸಂತೋಷಪಡುತ್ತಿರುವ ಗಳಿಗೆಯೇ ಎಂಜಿನಿನ ಕೊನೆಗಳಿಗೆ.

ಇಲ್ಲಿ ನಮ್ಮ ದೇಶಕ್ಕೇ ವಿಶೇಷವಾದ ಒಂದು ತೊಡಕೂ ಸೇರಿಕೊಂಡಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ, ಶೇಕಡ 20 ಎಥನಾಲು ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಎಥನಾಲಿನ ಅಣುವಿನೊಳಗೇ ಆಮ್ಲಜನಕವುಂಟು. ಒಂದು ಕಿಲೋಗ್ರಾಂ ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕಾದರೆ, ಈ ಮಿಶ್ರ ಪೆಟ್ರೋಲಿಗೆ ಸುಮಾರು 13.5 ಸಾಕು. ಅಂದರೆ ಯಾರೂ ತಿರುಪನ್ನು ಮುಟ್ಟದೆಯೇ ಮಿಶ್ರಣವು ನೂರಕ್ಕೆ ಏಳೆಂಟು ಪಾಲು ತೆಳುವಾಯಿತು. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಲೆಕ್ಕವನ್ನು ಐದು ನಿಮಿಷದಲ್ಲಿ ಮಾಡಿ ನೋಡಬಹುದು. ವಿದ್ಯುನ್ಮಾನ ಹದಗಾರವಿರುವ ದುಬಾರಿ ಗರಗಸಗಳು ಇದನ್ನು ತಾವಾಗಿಯೇ ಸರಿಪಡಿಸಿಕೊಳ್ಳುತ್ತವೆ. ಉಳಿದವುಗಳಲ್ಲಿ ಟೋಪಿಯ ಮಿತಿಯೊಳಗೇ ತಿರುಪನ್ನು ದಟ್ಟದ ಕಡೆಗೆ ತಿರುಗಿಸಬೇಕು. ಅದೂ ಸಾಲದೆ ಹೋದರೆ ತಯಾರಕರು ಆ ಇಂಧನಕ್ಕೆ ಒಪ್ಪಿಗೆ ಕೊಟ್ಟಿರುವರೇ ಎಂದು ಕೈಪಿಡಿ ತೆರೆದು ನೋಡಬೇಕು. ಇನ್ನೊಂದು ಮಾತು: ಎಥನಾಲು ನೀರನ್ನು ಹೀರುತ್ತದೆ. ವರುಷಕ್ಕೆ 4,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಉಡುಪಿಯ ಸೀಮೆಯಲ್ಲಿ, ಮೂಲೆಗಿಟ್ಟ ಗರಗಸದ ಟಾಂಕಿಯಲ್ಲಿ ಮಳೆಗಾಲವಿಡೀ ಪೆಟ್ರೋಲು ಬಿಟ್ಟರೆ ನೀರೂ ಎಥನಾಲೂ ತಳಕ್ಕಿಳಿದು, ಎಣ್ಣೆಯಿರುವ ಪೆಟ್ರೋಲು ಮೇಲುಳಿಯಬಹುದು. ಹೀರುಕೊಳವೆಯಿರುವುದು ತಳದಲ್ಲಿ!

ಸೈಲೆನ್ಸರಿನ ಬಾಯಲ್ಲಿ ಒಂದು ಸಣ್ಣ ತಂತಿ ಬಲೆಯೂ ಉಂಟು. ಮಸಿ ಕಟ್ಟಿದರೆ ಎಂಜಿನು ಸೊರಗುವುದರಿಂದ ಹಲವರು ಅದನ್ನು ಕಿತ್ತೆಸೆಯುತ್ತಾರೆ. ಅದು ಅಲ್ಲಿರುವುದು ಕೆಂಡವಾದ ಇಂಗಾಲದ ಕಣಗಳನ್ನು ತಡೆಯುವುದಕ್ಕೆ. ಘಟ್ಟದ ಬುಡದಲ್ಲಿ ಮಾರ್ಚಿ ತಿಂಗಳ ತರಗೆಲೆಯ ಮೇಲೆ ಬೀಳುವ ಒಂದು ಕಿಡಿ ಸಾಕು, ಗುಡ್ಡವೇ ಹತ್ತಿಕೊಂಡೀತು. ಬಲೆಯನ್ನು ತೆಗೆದು ಉಜ್ಜಿ ಮತ್ತೆ ಹಾಕಲು ಹತ್ತು ನಿಮಿಷವೂ ಬೇಡ.

ಇನ್ನು ಕಟ್ಟಳೆಯ ಮಾತು. ಅಮೆರಿಕದಲ್ಲಿ ಸ್ವಚ್ಛ ವಾಯು ಕಾಯ್ದೆಯು ಹೊಗೆ ತಡೆಯುವ ಯಾವ ಭಾಗವನ್ನೂ ಕಿತ್ತುಹಾಕುವುದನ್ನು ನಿಷೇಧಿಸಿದೆ. ಮೂಲ ಕಾಯ್ದೆಯಲ್ಲಿ ಇದಕ್ಕೆ ವಿಧಿಸಿದ ಗರಿಷ್ಠ ದಂಡ ಸಾಮಾನ್ಯನಿಗೆ 2,500 ಡಾಲರು. ತಯಾರಕನಿಗಾಗಲಿ ಮಾರಾಟಗಾರನಿಗಾಗಲಿ 25,000 ಡಾಲರು. ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತಗಳು ಆಮೇಲೆ ಹೆಚ್ಚಿವೆ. ಒಂದೇ ತಿರುಪು, ಒಂದೇ ತಪ್ಪು. ಅಂಗಡಿಯವನಿಗೆ ಮಾತ್ರ ಹತ್ತು ಮಡಿ ಏಕೆ? ಒಬ್ಬನು ಕೆಡಿಸಿದರೆ ಒಂದು ಯಂತ್ರ ಕೆಡುತ್ತದೆ, ಅಂಗಡಿಯವನು ಅದನ್ನೇ ವ್ಯಾಪಾರ ಮಾಡಿಕೊಂಡರೆ ಊರಿನದೆಲ್ಲ ಕೆಡುತ್ತದೆ ಎಂಬುದು ಅದರ ತರ್ಕವೆಂದು ನಮಗೆ ತೋರುತ್ತದೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನಗಳ ಮಾರ್ಪಾಡನ್ನು ತಡೆಯುತ್ತದೆ. ಗರಗಸವು ವಾಹನವಲ್ಲವಾದುದರಿಂದ ಅದು ಇಲ್ಲಿಗೆ ಸಲ್ಲದು. ಹಾಗೆಂದು ಅಂಗಡಿಯವರು ನಿಶ್ಚಿಂತರೆಂದು ತಿಳಿಯಬಾರದು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೆಯ ಕಲಮನ್ನು ನೋಡಿರಿ: ಮಾರಾಟಗಾರನು ವಸ್ತುವನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾದರೆ ಅವನೇ ಹೊಣೆ. 85ನೆಯದು ದೋಷವುಳ್ಳ ದುರಸ್ತಿಗೂ, ತಕ್ಕ ಎಚ್ಚರಿಕೆ ಹೇಳದಿದ್ದುದಕ್ಕೂ ಸೇವೆ ಕೊಟ್ಟವನನ್ನು ಹೊಣೆಯಾಗಿಸುತ್ತದೆ. 87ನೆಯದು ಇನ್ನೊಂದು ಬದಿಯಿಂದ ಬಿಗಿಯುತ್ತದೆ: ಹಾನಿಯ ವೇಳೆಗೆ ವಸ್ತುವು ಮಾರ್ಪಟ್ಟಿದ್ದರೆ ಗ್ರಾಹಕನು ಮಾರಾಟಗಾರನ ಮೇಲೆ ಈ ದಾವೆಯನ್ನು ತರುವಂತಿಲ್ಲ. ಗಿರಾಕಿಯು ಮನೆಯಲ್ಲಿ ತಾನೇ ಟೋಪಿ ಕಿತ್ತು ತಂದರೆ ಅವನ ಪರಿಹಾರದ ಹಕ್ಕು ಸೊರಗುತ್ತದೆ; ಅಂಗಡಿಯವರು ಕಿತ್ತುಕೊಟ್ಟರೆ ಅವರ ಕೊರಳಿಗೆ ಬೀಳುತ್ತದೆ. ಸೆಕೆಂಡಿಗೆ ಇಪ್ಪತ್ತು ಮೀಟರಿನಂತೆ ಓಡುವ ಸರಪಳಿ, ಮುಂಗೈಯ ಬಳಿಯ ತಡೆಯನ್ನು ಕಳಚಿದ ಗರಗಸದ ಮೂತಿ ಮರಕ್ಕೆ ತಗಲಿ ಮೇಲಕ್ಕೆ ನೆಗೆದರೆ, ಅದು ಮುಖಕ್ಕೆ ಬರುವ ಮುನ್ನ ಕಣ್ಣು ಮಿಟುಕಿಸಲೂ ಬಿಡುವಿರದು. ಹಾನಿಯೆಂಬ ಪದವನ್ನು ಕಾಯ್ದೆಯಲ್ಲಿ ಓದುವಾಗ ಇದನ್ನು ನೆನೆಯಬೇಕು. (ಮರವನ್ನೇ ಕಡಿಯಲು ಬೇಕಾದ ಅನುಮತಿ ಬೇರೆ ವಿಷಯ, ಅದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯುಂಟು. ತೆಂಗು, ರಬ್ಬರು, ಗಾಳಿಮರಗಳಿಗೆ ಅದರಲ್ಲಿ ವಿನಾಯಿತಿ.)

ಹಾಗಾದರೆ ಆ ಹೊಸ ಗರಗಸಕ್ಕೆ ಆಗಿದ್ದುದಾದರೂ ಏನು? ಅಂಗಡಿಯವರು ಎಂಜಿನಿನ ತಂಟೆಗೇ ಹೋಗದೆ ಮೊದಲು ಸರಪಳಿಯ ಮೇಲೆ ಹೆಬ್ಬೆರಳಾಡಿಸಿದರು. ಹಲ್ಲುಗಳು ಮೊಂಡಾಗಿ ಬೆಣ್ಣೆ ಸವರಿದಂತಿದ್ದವು. ಕಾಪುವಿನ ಕಡೆ, ದೀಪಸ್ತಂಭದ ಆಸುಪಾಸಿನ ಗಾಳಿಮರಗಳನ್ನು ಕೊಯ್ದುದಂತೆ. ಅಲ್ಲಿ ತೊಗಟೆಯ ಬಿರುಕುಗಳಲ್ಲೆಲ್ಲ ಗಾಳಿ ತಂದು ತುಂಬಿದ ಕಡಲ ಮರಳು. ಮರಳಿಗೆ ಒಂದು ಸಲ ತಾಗಿದರೆ ಹಲ್ಲಿನ ಅಲಗು ಹೋದಂತೆಯೇ. ಮೊಂಡು ಸರಪಳಿ ಚಕ್ಕೆಗೆ ಬದಲು ಹುಡಿಯನ್ನು ಉದುರಿಸುತ್ತದೆ. ಹಿಡಿದವನು ಮೈಭಾರ ಹಾಕಿ ಒತ್ತುತ್ತಾನೆ. ಎಂಜಿನು ಏದುಸಿರು ಬಿಡುತ್ತದೆ. ದೂರು ಸೈಲೆನ್ಸರಿನ ಮೇಲೆ.

ಅವರು ದುಂಡರದಿಂದ ಪ್ರತಿಯೊಂದು ಹಲ್ಲನ್ನೂ ಮಸೆದರು. ಪ್ರತಿ ಹಲ್ಲಿನ ಮುಂದೆ ಒಂದು ಗುಬಟಿದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ನಿರ್ಣಯಿಸುವುದು ಅದು. ಅದನ್ನು ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರು ತಗ್ಗುವಂತೆ ಚಪ್ಪಟೆ ಅರದಿಂದ ಉಜ್ಜಿದರು. ಗಾಳಿ ಸೋಸುವ ಪದರವನ್ನು ತೊಳೆದರು, ಬಲೆಯ ಮಸಿಯನ್ನು ತೆಗೆದರು. ಕೊನೆಗೆ ಟೋಪಿಯನ್ನು ಹಾಗೆಯೇ ಬಿಟ್ಟು, ಅದು ಬಿಟ್ಟುಕೊಡುವಷ್ಟು ಮಾತ್ರ ತಿರುಪನ್ನು ದಟ್ಟದ ಕಡೆಗೆ ತಿರುಗಿಸಿ ಗರಗಸವನ್ನು ಚಾಲೂ ಮಾಡಿದರು. ಗಾಳಿಯಲ್ಲಿ ಎತ್ತಿ ಹಿಡಿದು ಪೂರ್ತಿ ವೇಗ ಕೊಟ್ಟಾಗ ಸದ್ದು ತುಸು ಗೊರಗೊರವೆಂದಿತು. ಮಿಶ್ರಣ ದಟ್ಟವಾಗಿದೆ, ಎಣ್ಣೆ ಸಾಕಷ್ಟಿದೆ ಎಂಬುದಕ್ಕೆ ಅದು ಗುರುತು. ಅಂಗಳದಲ್ಲಿದ್ದ ಹಲಸಿನ ಕೊರಡಿಗೆ ಇಳಿಸಿದೊಡನೆ ಗೊರಗೊರ ನಿಂತು ಸ್ವರ ತಿಳಿಯಾಯಿತು. ಹಳದಿ ಚಕ್ಕೆಗಳು ಕಾಲ ಬಳಿ ರಾಶಿ ಬಿದ್ದವು. ಗಿರಾಕಿ ಏನೂ ಹೇಳದೆ ಚೀಲದಿಂದ ಇನ್ನೆರಡು ಸರಪಳಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.