ಬಾತ್‌ರೂಮಿನ ಗ್ಯಾಸ್ ಗೀಸರ್: ವಾಸನೆ ಇಲ್ಲದ ಅಪಾಯ

ರೂಮ್ ಮಾಡ್ಕೊಂಡಿರೋ ನಮ್ಮಲ್ಲಿ ಹಲವರ ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆ. ಕರೆಂಟ್ ಹೋದ್ರೂ ಬಿಸಿನೀರು ಬರುತ್ತೆ ಅಂತ ಖುಷಿ. ಚಳಿಗೆ ಕಿಟಕಿ ಮುಚ್ಚಿ, ಬೆಳಗಿನ ಕ್ಲಾಸಿಗೆ ಮುಂಚೆ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗ್ತೀವಿ. ಅಪಾಯ ಇರೋದು ಅಲ್ಲೇ.

ಎಲ್‌ಪಿಜಿಯ ಒಂದು ಪ್ರೊಪೇನ್ ಅಣು ಪೂರ್ತಿ ಉರಿಯಲು 5 ಆಕ್ಸಿಜನ್ ಅಣು ಬೇಕು. ಮುಚ್ಚಿದ ಬಾತ್‌ರೂಮಲ್ಲಿ ಆಕ್ಸಿಜನ್ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ಹೋದವರ ಹೊತ್ತಿನ ಅನಿಲ ಒಳಗೇ ಉಳಿದಿದ್ದರೆ, ಕೊನೆಯವರಿಗೆ ಅಪಾಯ ಜಾಸ್ತಿ.

“ಗ್ಯಾಸ್ ವಾಸನೆ ಬಂದಿಲ್ವಲ್ಲ” ಅಂತ ನಂಬೋ ಹಾಗಿಲ್ಲ. ಲೀಕ್ ಆದ್ರೆ ಗೊತ್ತಾಗ್ಲಿ ಅಂತ ಎಲ್‌ಪಿಜಿಗೆ ವಾಸನೆ ಬೆರೆಸಿರ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗ ನಿದ್ದೆ ಸಾಲ್ಲಿಲ್ಲ ಅಂದ್ಕೋತೀವಿ. ಅಷ್ಟರಲ್ಲಿ ಚಿಲಕ ತೆಗೆಯೋ ಶಕ್ತಿಯೂ ಹೋಗಿರಬಹುದು.

ಸರಿಯಾದ ಪರಿಹಾರ ಅಂದ್ರೆ ಗೀಸರನ್ನು ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲಿ ಹಾಕಿಸಿ ಪೈಪಲ್ಲಿ ನೀರು ತರುವುದು. ಓನರ್ ಹತ್ರ ಒಟ್ಟಿಗೆ ಹೋಗಿ ಕೇಳೋಣ. ಅಲ್ಲಿವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಗಾಳಿ ಆಡಿದ ಮೇಲೆ ಸ್ನಾನ ಮಾಡೋಣ. ಉರಿ ನೀಲಿ ಹೋಗಿ ಹಳದಿಯಾದರೆ ಗೀಸರ್ ಬಳಸೋದೇ ಬೇಡ.

ಒಳಗಿದ್ದವರು ಕೂಗಿದರೂ ಓಗೊಡದಿದ್ದರೆ ಕಾಯೋದು ಬೇಡ. ಬಾಗಿಲು ಒಡೆದು, ಅವರನ್ನು ಹೊರಗಿನ ಗಾಳಿಗೆ ತಂದು, ತಕ್ಷಣ 108ಕ್ಕೆ ಕರೆ ಮಾಡೋಣ.